ಗಾಜಿಗೆ ಬಣ್ಣ ಹಾಕಿದವಳು

"ಬಣ್ಣ ಹಾಕೋರನ್ನ ಕರೀರಿ, ಅವರ ಹತ್ರ ಮಾತಾಡ್ಬೇಕು" ಎಂದೆ.

"ಮಾತಾಡಿ" ಎಂದಳು.

ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದೆ. ಮುಳಬಾಗಲಿನ ಆ ಫೋಟೊ ಸ್ಟುಡಿಯೊದಲ್ಲಿ ಬೇರೆ ಯಾರೂ ಇರಲಿಲ್ಲ. ಕಿಟಕಿಯ ಪಕ್ಕ ಕುಳಿತಿದ್ದ ಶಾಮಲಮ್ಮ ಬಾಯಲ್ಲಿ ಕಚ್ಚಿಕೊಂಡಿದ್ದ ಕುಂಚವನ್ನು ತೆಗೆದಳು.

"ಹುಡುಕ್ಬೇಡಿ ಮೇಷ್ಟ್ರೇ. ಬಣ್ಣ ಹಾಕೋದು ನಾನೇ."

ಅವಳ ತುಟಿಯ ಮೂಲೆಯಲ್ಲಿ ಹಳದಿ ಅಂಟಿತ್ತು. ಹೇಳಬೇಕೆನಿಸಿತು.

ಅದು 1938ರ ಸೆಪ್ಟೆಂಬರ್. ನಾನು, ಕದಿರಪ್ಪ, ಕೋಲಾರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಬೆಂಗಳೂರಿನ ಒಂದು ವಾರಪತ್ರಿಕೆಗೆ ಜಿಲ್ಲೆಯ ಸುದ್ದಿಯನ್ನೂ ಬರೆಯುತ್ತಿದ್ದೆ. ಪಾಶ್ಚಾತ್ಯ ಚಿತ್ರಕಾರರ ಬಗ್ಗೆ ಗಾಜಿನ ಚಿತ್ರಗಳನ್ನು ಪರದೆಯ ಮೇಲೆ ಬೀಳಿಸುವ ಮ್ಯಾಜಿಕ್ ಲಾಂಟರ್ನ್ ಉಪನ್ಯಾಸವನ್ನು ಕೋಲಾರದಲ್ಲೂ ಸುತ್ತಲ ಊರುಗಳಲ್ಲೂ ಕೊಡಬೇಕೆಂದು ವಾಚನಾಲಯದವರು ಕೇಳಿದ್ದರು. ಚಿನ್ನದ ಗಣಿಯಿಂದ ನಿವೃತ್ತರಾದ ಸರ್ವೇಯರ್ ಒಬ್ಬರು ತಮ್ಮ ದೊಡ್ಡ ಇಂಗ್ಲಿಷ್ ಪುಸ್ತಕವನ್ನು ಎರವಲು ಕೊಟ್ಟರು. ಅದರ ಹದಿನೆಂಟು ಚಿತ್ರಗಳನ್ನು ಶಾಮಲಮ್ಮನ ತಂದೆ ರಾಮಚಂದ್ರಪ್ಪ ಅಂಗೈ ಅಗಲದ ಗಾಜುಗಳಿಗೆ ಇಳಿಸಿದರು.

ಪುಸ್ತಕದ ಚಿತ್ರಗಳೆಲ್ಲ ಕಪ್ಪು ಬಿಳುಪು. ಮೂಲಚಿತ್ರಗಳನ್ನು ನಾನೂ ನೋಡಿರಲಿಲ್ಲ, ಅವಳೂ ನೋಡಿರಲಿಲ್ಲ. ಹಾಗಾಗಿ ಪ್ರತಿ ಭಾನುವಾರ ಬಸ್ಸಿನಲ್ಲಿ ಹೋಗಿ, ಪುಸ್ತಕದಲ್ಲಿದ್ದ ವರ್ಣನೆಯನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಅವಳು ಕೇಳಿ ಬಣ್ಣ ಹಾಕುತ್ತಿದ್ದಳು.

"ಕೆಂಪು ಅಂದ್ರೆ ಯಾವ ಕೆಂಪು? ಕುಂಕುಮದ್ದಾ, ಇಟ್ಟಿಗೇದಾ?"

"ಇಲ್ಲಿ ಬರೀ ಕೆಂಪು ಅಂತಿದೆ."

"ಬರೆದೋರು ಗಂಡಸ್ರೇ ಇರ್ಬೇಕು" ಎಂದು ಅವಳು ತಲೆ ಎತ್ತದೆ ನಕ್ಕಳು. ಆ ನಗು ಗಾಜಿಗೋ ನನಗೋ ತಿಳಿಯದೆ, ಓದುತ್ತಿದ್ದ ಸಾಲು ತಪ್ಪಿತು. "ಮೇಲಿನ ಸಾಲು, ಮೇಷ್ಟ್ರೇ" ಎಂದಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನ ಬೆರಳು ಎಲ್ಲಿತ್ತೆಂದು ಮಾತ್ರ ನೋಡಿಟ್ಟುಕೊಂಡಿದ್ದಳು.

ಅಕ್ಟೋಬರಿನ ಒಂದು ಭಾನುವಾರ, ಇಷ್ಟು ದೊಡ್ಡ ಪುಸ್ತಕದಲ್ಲಿ ಹೆಂಗಸರು ಬರೆದ ಚಿತ್ರ ಒಂದೂ ಇಲ್ಲವೇ ಎಂದು ಕೇಳಿದಳು. ಇಲ್ಲ ಎಂದೆ. ಖಚಿತವಾಗಿಯೇ ಎಂದೆ.

ಅವಳು ಫೋಟೊ ತಿದ್ದುವ ಭೂತಗನ್ನಡಿ ಹಿಡಿದು ಪುಟಗಳನ್ನು ತಿರುವತೊಡಗಿದಳು. ಫ್ರಾನ್ಸ್ ಹಾಲ್ಸ್ ಎಂಬ ಡಚ್ ಚಿತ್ರಕಾರನ ಅಧ್ಯಾಯದಲ್ಲಿ ಕೈ ನಿಂತಿತು. ಗಂಡಸೊಬ್ಬ ಪಿಟೀಲು ನುಡಿಸುತ್ತಿದ್ದಾನೆ, ಹೆಂಗಸೊಬ್ಬಳು ಮದ್ಯದ ಗ್ಲಾಸು ಎತ್ತಿದ್ದಾಳೆ.

"ಇದರ ಗುರುತು ಬೇರೆ. ಎರಡು ಅಕ್ಷರ ಹೆಣೆದು ಪಕ್ಕಕ್ಕೆ ಒಂದು ನಕ್ಷತ್ರ. ಮಿಕ್ಕಿದ್ದರಲ್ಲಿ ಇದಿಲ್ಲ."

ಪುಟದ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿ ಇತ್ತು. ನಾನು ಅದನ್ನು ಓದಿಯೇ ಇರಲಿಲ್ಲ. ಆ ಚಿತ್ರ ಹಾಲ್ಸನದಲ್ಲ, ಜೂಡಿತ್ ಲೈಸ್ಟರ್ ಎಂಬ ಹೆಂಗಸಿನದು. ಹಾಲ್ಸನ ಹೆಸರಿನಲ್ಲಿಯೇ ಅದು ಮಾರಾಟವಾಗಿತ್ತು. 1893ರಲ್ಲಿ, ಅವಳು ಸತ್ತ ಇನ್ನೂರ ಮೂವತ್ತಮೂರು ವರ್ಷಗಳ ಮೇಲೆ, ವಿದ್ವಾಂಸನೊಬ್ಬ ಆ ನಕ್ಷತ್ರದ ಗುರುತನ್ನು ಓದಿದ.

ಓದಿ ಹೇಳಿದೆ. ಅವಳು ಆ ಚಿತ್ರ ಇಳಿಸಿದ್ದ ಗಾಜನ್ನು ಎತ್ತಿಕೊಂಡಳು.

"ಗ್ಲಾಸಿಗೆ ನಿಂಬೆ ಪಾನಕದ ಬಣ್ಣ ಹಾಕ್ತೀನಿ. ಸಭೇಲಿ ಯಾರಾದ್ರೂ ಮುಖ ಸಿಂಡರಿಸಿದ್ರೆ ಪಾನಕ ಅನ್ನಿ."

ಆ ತಿಂಗಳ ಕೊನೆಗೆ ನನ್ನ ಸೋದರತ್ತೆ ಆವಲಮ್ಮ ರಾಮಚಂದ್ರಪ್ಪನವರ ಮನೆಗೆ ಮದುವೆಯ ಮಾತು ತೆಗೆದುಕೊಂಡು ಹೋದಳು. ಅವರು ಸಂತೋಷಪಟ್ಟರು. ಶಾಮಲಮ್ಮ ಮಾತ್ರ, ಕೋಲಾರದ ಸಭೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದಳಂತೆ.

ಸಭೆ ನಡೆದದ್ದು ನವೆಂಬರ್ 12, ಶನಿವಾರ ಸಂಜೆ. ಗಂಡಸರು ಇನ್ನೂರಕ್ಕೆ ಮೇಲೆ, ಹೆಂಗಸರು ಮೂವತ್ತೊಂದು. ಶಾಮಲಮ್ಮ ಎರಡನೆಯ ಸಾಲಿನಲ್ಲಿದ್ದಳು. ಪಿಟೀಲಿನ ಚಿತ್ರ ಪರದೆಯ ಮೇಲೆ ಬಿದ್ದಾಗ ಜನ ಉಸಿರು ಹಿಡಿದರು. ಲೈಸ್ಟರಳ ಕಥೆ ಹೇಳಿದೆ. ಅವಳ ಹೆಸರನ್ನು ಜಗತ್ತು ಮರೆತದ್ದು ಅನ್ಯಾಯ ಎಂದೆ. ಮುಂದಿನ ಸಾಲಿನಲ್ಲಿದ್ದ ತಾಲ್ಲೂಕಿನ ಅಮಲ್ದಾರರು, ಇದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು.

"ಭೂತಗನ್ನಡಿ ಹಿಡಿದು ನೋಡಿದಾಗ ನನ್ನ ಕಣ್ಣಿಗೆ ಬಿತ್ತು" ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಸುಲಭವಾಗಿ ಬಂತು. ಬಣ್ಣದ ಕೆಲಸ ರಾಮಚಂದ್ರಪ್ಪನವರ ಸ್ಟುಡಿಯೊದ್ದು ಎಂದೂ ಸೇರಿಸಿದೆ. ಚಪ್ಪಾಳೆ ಬಿತ್ತು. ನಾನು ಎರಡನೆಯ ಸಾಲಿನತ್ತ ನೋಡಲಿಲ್ಲ. ನೋಡಲಿಲ್ಲ ಎಂಬುದರಿಂದಲೇ, ಏನು ಮಾಡಿದೆನೆಂದು ನನಗೆ ಗೊತ್ತಿತ್ತು.

ಪತ್ರಿಕೆಗೆ ವರದಿ ಬರೆದವನೂ ನಾನೇ. "ಉಪನ್ಯಾಸಕರು ಸ್ವತಃ ಕಂಡುಹಿಡಿದ ಗುರುತು" ಎಂದು ಬರೆದೆ. ಈಗಲೂ ಆ ಸಾಲು ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಅದು 19ನೆಯ ತಾರೀಖಿನ ಸಂಚಿಕೆಯಲ್ಲಿ ಬಂತು. ಅದೇ ದಿನ, ಉತ್ತರ ಕೇಳಲು ಹೋಗಿದ್ದ ಅತ್ತೆ ಮುಳಬಾಗಲಿನಿಂದ ಬರಿಗೈಯಲ್ಲಿ ಬಂದಳು. "ಪಿಲ್ಲ ವದ್ದಂದಿ ಕಣೋ. ಹುಡುಗಿ ಬೇಡ ಅಂದ್ಬಿಟ್ಳು. ಯಾಕಮ್ಮಾ ಅಂದ್ರೆ, ಮೇಷ್ಟ್ರಿಗೇ ಗೊತ್ತು ಅಂದ್ಳು."

ಮರುದಿನ ಹೋದೆ. ರಾಮಚಂದ್ರಪ್ಪನವರು ಪತ್ರಿಕೆಯಲ್ಲಿ ಬಂದ ಸ್ಟುಡಿಯೊದ ಹೆಸರನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ನನಗೆ ಕಾಫಿ ತರಿಸಲು ತಾವೇ ಹೊರಗೆ ಹೋದರು. ಶಾಮಲಮ್ಮ ಯಾರದೋ ಮದುವೆಯ ಫೋಟೊ ತಿದ್ದುತ್ತಿದ್ದಳು.

"ಹೆಣ್ಣುಮಗಳ ಹೆಸರು ಸಭೇಲಿ ಹೇಳಿದ್ರೆ ಜನ ಏನಂತಾರೋ ಅಂತ..." ಎಂದೆ. ಬಸ್ಸಿನಲ್ಲಿ ಕುಳಿತು ತಯಾರಿಸಿದ ಮಾತು ಅದು.

"ಆ ಡಚ್ಚಿನೋಳ ಹೆಸರು ಆರು ಸಲ ಹೇಳಿದ್ರಿ. ನಾನು ಎಣಿಸ್ದೆ. ಆಯಮ್ಮ ಸತ್ತು ಹೋಗಿದಾಳೆ, ಅದಕ್ಕೆ ಭಯ ಇರ್ಲಿಲ್ಲ ನಿಮಗೆ."

ಗೋಡೆಗೆ ಅಂಟಿಸಿದ್ದ ಪತ್ರಿಕೆಯ ತುಂಡಿನ ಕಡೆ ನೋಡಿದೆ.

"ನನ್ನ ಹೆಸರು ಬೇಡವಾಗಿತ್ತು ಮೇಷ್ಟ್ರೇ. ಮುಳಬಾಗಲಲ್ಲಿ ಒಬ್ಬರು ನೋಡಿ ಹೇಳಿದ್ರು ಅಂದಿದ್ರೆ ಸಾಕಿತ್ತು. ನೀವು 'ನಾನು ಕಂಡೆ' ಅಂದ್ರಿ." ಅವಳು ಕುಂಚ ಕೆಳಗಿಟ್ಟಳು. "ಅವತ್ತು ಇಲ್ಲಿ ಆಯಮ್ಮನ ಸಾಲು ಓದಿ ಹೇಳಿದಾಗ ನಿಮ್ಮ ದನಿ ನಡುಗಿತ್ತು. ಅದನ್ನ ಕೇಳಿ ನಾನು ಮನಸ್ಸು ಮಾಡಿದ್ದೆ. ಅದು ಸುಳ್ಳಾ?"

"ಸುಳ್ಳಲ್ಲ."

"ಮತ್ತೆ?"

ಪತ್ರಿಕೆಗೆ ತಿದ್ದುಪಡಿ ಬರೆಯುತ್ತೇನೆ, ಹೆಸರು ಹಾಕಬಹುದೇ ಎಂದು ಕೇಳಿದೆ.

"ಹಾಕಿ. ನನ್ನ ಹೆಸರಿಗೇನೂ ಆಗಲ್ಲ. ನಿಮ್ಮದಕ್ಕೆ ಆಗ್ಬಹುದು."

ರಾಮಚಂದ್ರಪ್ಪನವರು ಕಾಫಿ ತಂದರು. ಅರ್ಧ ಕುಡಿದು ಎದ್ದೆ.

ನವೆಂಬರ್ 26ರ ಸಂಚಿಕೆಯ ನಾಲ್ಕನೆಯ ಪುಟದಲ್ಲಿ ತಿದ್ದುಪಡಿ ಬಂತು. "ಕಳೆದ ವಾರದ ಕೋಲಾರದ ವರದಿಯಲ್ಲಿ ಎರಡು ತಪ್ಪುಗಳಿವೆ. ಲೈಸ್ಟರ್ ಗುರುತನ್ನು ಕಂಡವರು ಉಪನ್ಯಾಸಕರಲ್ಲ, ಮುಳಬಾಗಲಿನ ಕುಮಾರಿ ಶಾಮಲಮ್ಮನವರು. ಸ್ಲೈಡುಗಳಿಗೆ ಬಣ್ಣ ಹಾಕಿದವರೂ ಅವರೇ. ಉಪನ್ಯಾಸಕನೂ ವರದಿಗಾರನೂ ಒಬ್ಬನೇ ಆದ್ದರಿಂದ, ಇವು ತಿಳಿಯದೆ ಆದ ತಪ್ಪುಗಳಲ್ಲ."

ಶಾಲೆಯ ಸ್ಟಾಫ್ ರೂಮಿನಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ಡಿಸೆಂಬರ್ 3ರಂದು ಮಾಲೂರಿನಲ್ಲಿ ಉಪನ್ಯಾಸ ಶುರುವಾಗುವ ಮೊದಲೇ ಹಿಂದಿನ ಸಾಲಿನಿಂದ ಯಾರೋ, ಇವತ್ತು ಎಷ್ಟು ನಿಮ್ಮದು, ಎಷ್ಟು ಬೇರೆಯವರದು ಎಂದರು. ಜನ ನಕ್ಕರು. ನಗು ನಿಲ್ಲುವವರೆಗೆ ಕಾದು, ಮಾತು ನನ್ನದು, ಬಣ್ಣವೆಲ್ಲ ಮುಳಬಾಗಲಿನ ಶಾಮಲಮ್ಮನವರದು ಎಂದೆ.

ಶ್ರೀನಿವಾಸಪುರದ ಸಭೆಯ ವ್ಯವಸ್ಥಾಪಕರು ನರಸಿಂಹಪ್ಪ. ಅವರು ಪತ್ರಿಕೆ ಓದಿ, ಆ ಹೆಣ್ಣುಮಗಳೇ ಬಂದು ಒಂದು ಮಾತು ಹೇಳಲಿ ಎಂದು ರಾಮಚಂದ್ರಪ್ಪನವರಿಗೆ ಕಾಗದ ಬರೆದರು. ತಂದೆ ಎರಡು ದಿನ ಯೋಚಿಸಿದರಂತೆ. ಮಗಳು ಯೋಚಿಸಲಿಲ್ಲವಂತೆ.

ಡಿಸೆಂಬರ್ 17ರ ಸಂಜೆ, ಆ ಒಂದು ಚಿತ್ರಕ್ಕೆ ಅವಳು ಪರದೆಯ ಪಕ್ಕ ನಿಂತಳು. ನಾನು ಲಾಂಟರ್ನಿನ ಹಿಂದೆ ಇದ್ದೆ. ಸ್ಲೈಡನ್ನು ತಲೆಕೆಳಗಾಗಿ ತೂರಿಸಿದರೆ ಚಿತ್ರ ನೆಟ್ಟಗೆ ಬೀಳುತ್ತದೆ. ಅವಳ ಕಡೆ ನೋಡುತ್ತಾ ನೆಟ್ಟಗೆ ತೂರಿಸಿಬಿಟ್ಟೆ. ಪಿಟೀಲಿನವನೂ ಗ್ಲಾಸಿನವಳೂ ಪರದೆಯ ಮೇಲೆ ತಲೆಕೆಳಗಾಗಿ ನೇತಾಡಿದರು. ಸಭೆಯೆಲ್ಲ ಗೊಳ್ಳೆಂದಿತು.

"ಮೇಷ್ಟ್ರು ತಿದ್ಕೋತಾರೆ" ಎಂದಳು ಶಾಮಲಮ್ಮ ಶಾಂತವಾಗಿ. "ಸ್ವಲ್ಪ ತಾಳಿ."

ತಿರುಗಿಸಿ ಹಾಕಿದೆ. ಅವಳು ನಾಲ್ಕೇ ನಿಮಿಷ ಮಾತಾಡಿದಳು. ನಾನು ಅರ್ಧ ಗಂಟೆಯಲ್ಲಿ ಹೇಳಿದ್ದಕ್ಕಿಂತ ಅದು ಸ್ಪಷ್ಟವಾಗಿತ್ತು.

ಸಭೆ ಮುಗಿದ ಮೇಲೆ, ರಾಮಚಂದ್ರಪ್ಪನವರು ನರಸಿಂಹಪ್ಪನವರ ಜೊತೆ ಮಾತಿಗೆ ನಿಂತರು. ಶಾಮಲಮ್ಮ ನಾನು ಗಾಜುಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿದ್ದಲ್ಲಿಗೆ ಬಂದಳು.

"ನಿಮ್ಮತ್ತೇನ ಇನ್ನೊಂದ್ಸಲ ಕಳಿಸಿ."

"ನಾನೂ ಬರ್ಲಾ?"

"ಬೇಡ. ನೀವು ಬಂದ್ರೆ ಅಪ್ಪ ನಿಮ್ಮನ್ನ ಹೊಗಳೋದೇ ಮುಗಿಯಲ್ಲ. ನಾನು ಒಪ್ಪಿದೀನಿ ಅನ್ನೋಕೆ ಪುರುಸೊತ್ತು ಸಿಗಲ್ಲ."

ಹೊಗಳುವ ಮಾತು ಕೇಳಿ ನನ್ನ ತಲೆ ತಗ್ಗಿತು.

"ತಲೆ ಎತ್ರೀ" ಎಂದಳು. "ಮುಖ ನೋಡ್ಬೇಕು."

ಎತ್ತಿದೆ. ತಿದ್ದಲು ಕೂರುವ ಮೊದಲು ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ, ಅವಸರವಿಲ್ಲದೆ, ಅವಳು ನನ್ನನ್ನು ನೋಡಿದಳು.