ಬಾಯಿ ಕಟ್ಟಿದ ಜೀಪು

"ಅದು ಸ್ಟಾರ್ಟ್ ಆಗ್ದೇ ಇರೋದು ಕೆಟ್ಟು ಹೋಗಿ ಅಲ್ಲ ಅಳಿಯಂದ್ರೆ. ನಾವೇ ಅದರ ಬಾಯಿ ಕಟ್ಟಿಸಿದ್ದೀವಿ. ಮುಟ್ಟಬೇಡಿ."

ಷೆಡ್ಡಿನ ಬಾಗಿಲಲ್ಲಿ ನಿಂತು ಅತ್ತೆ ಹೇಳಿದ ಮಾತಿಗೆ ಅವನು ಬಾನೆಟ್ಟಿನೊಳಗಿಂದ ತಲೆ ಎತ್ತದೆಯೇ ನಕ್ಕ. ಡೀಸೆಲ್ ಎಂಜಿನ್ನುಗಳ ನಡುವೆಯೇ ಬೆಳೆದ ಮೆಕ್ಯಾನಿಕ್ಕು ಅವನು. ಬಸುರಿ ಹೆಂಡತಿಯ ಜೊತೆ ಈ ಮನೆಗೆ ಬಂದವನ ಕಣ್ಣಿಗೆ ಮೊದಲು ಬಿದ್ದದ್ದೇ ಮಾವನ ಹಳೆಯ ಜೀಪು. ನಾಲ್ಕೂ ಚಕ್ರ ಎಳೆಯುವ, ಕಲ್ಲುಗುಡ್ಡ ಹತ್ತಬಲ್ಲ ಗಾಡಿ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು.

"ಇದು ಹಿಂದಕ್ಕೆ ಬರ್ತಿದ್ದಾಗ ಚಕ್ರದಡಿ ಒಬ್ಬ ಸಿಕ್ಕೊಂಡ," ಅತ್ತೆಯ ದನಿ ತಗ್ಗಿತು. "ಅವನ ಹೆಂಡತಿ ನಿಲ್ಸಿ, ನಿಲ್ಸಿ ಅಂತ ಕೂಗಿದ್ಲು. ಎಂಜಿನ್ ಸದ್ದಲ್ಲಿ ನಿಮ್ಮ ಮಾವನವರಿಗೆ ಕೇಳಿಸ್ಲಿಲ್ಲ. ಆಮೇಲೆ ಅವಳು ಮಾಟ ಮಾಡಿಸಿದ್ಲು. ಇದು ಕೊನೆಗೆ ಯಾರ ಉಸಿರು ಎಳ್ಕೊಳ್ಳುತ್ತೋ, ಇದು ನಿಂತಾಗ ಅವರ ಉಸಿರೂ ನಿಲ್ಲಬೇಕು ಅಂತ. ನಿಮ್ಮ ಮಾವ ಆ ಸೀಟಲ್ಲೇ ಹೋದ್ರು."

"ಹೆರಿಗೆ ನೋವು ಬಂದಾಗ ನಿಮ್ಮ ಮಗಳನ್ನ ಆಸ್ಪತ್ರೆವರೆಗೂ ಈ ಕಲ್ಲುದಾರೀಲಿ ಹೊತ್ಕೊಂಡು ಹೋಗ್ತೀರಾ ಅತ್ತೆ? ಡೀಸೆಲ್ ಎಂಜಿನ್ನಿಗೆ ಬೇಕಾಗೋದು ಎಣ್ಣೆ, ಗಾಳಿ, ಬಿಸಿ. ಮಂತ್ರ ಹರಿಯೋಕೆ ಅದರಲ್ಲಿ ಪೈಪೇ ಇಲ್ಲ."

ಅತ್ತೆ ಒಳಗೆ ಹೋದರು. ಹೆಂಡತಿ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಮನೆ ಗವ್ವೆನ್ನುತ್ತಿತ್ತು.

ಹೊರಗೆ ನಡುಹಗಲಿನ ಬಿಸಿಲು ಸುಡುತ್ತಿದ್ದರೂ ತಗಡಿನ ಷೆಡ್ಡಿನೊಳಗೆ ಮಬ್ಬುಗತ್ತಲೆ. ಇಲಿಯ ಮೂತ್ರ, ಒಣಗಿದ ರಬ್ಬರು, ಹಳಸಿದ ಡೀಸೆಲ್ಲಿನ ವಾಸನೆ ಗಂಟಲಿಗೆ ಅಂಟುತ್ತಿತ್ತು. ಬೇರೆ ಬ್ಯಾಟರಿ ಕೂರಿಸಿ ಕೀ ತಿರುಗಿಸಿದ. ಎಂಜಿನ್ ಗರಗರ ತಿರುಗಿತು, ಸ್ಟಾರ್ಟ್ ಆಗಲಿಲ್ಲ. ಟ್ಯಾಂಕು ತೊಳೆದು, ತಳ ಮುಚ್ಚುವಷ್ಟು ಹೊಸ ಡೀಸೆಲ್ ಸುರಿದ. ಫಿಲ್ಟರು ಬದಲಿಸಿದ. ಕೈಪಂಪು ಒತ್ತಿ ಒತ್ತಿ ಪೈಪಿನೊಳಗೆ ಸಿಕ್ಕಿದ್ದ ಗಾಳಿಯ ಗುಳ್ಳೆಗಳನ್ನೆಲ್ಲ ಹೊರಗೆ ಬಿಟ್ಟ. ಮೇಲಿನ ನಟ್ಟು ಸಡಿಲಿಸಿ ನೋಡಿದರೆ ಡೀಸೆಲ್ ಚಿಮ್ಮುತ್ತಿತ್ತು. ಹೀಟರ್ ಪ್ಲಗ್ಗುಗಳು ಕೆಂಪಗೆ ಕಾಯುತ್ತಿದ್ದವು. ಆದರೂ ಒಂದು ಕೆಮ್ಮಿಲ್ಲ, ಒಂದೆಳೆ ಹೊಗೆಯಿಲ್ಲ.

ಉಳಿದದ್ದು ಗಾಳಿ.

ಏರ್ ಫಿಲ್ಟರಿನ ಮುಚ್ಚಳ ತೆಗೆದು, ಎಂಜಿನ್ ಗಾಳಿ ಎಳೆದುಕೊಳ್ಳುವ ಪೈಪಿನೊಳಗೆ ಬೆರಳು ತೂರಿಸಿದ. ಮೆತ್ತಗೆ ಏನೋ ತಾಕಿತು. ಎಳೆದರೆ ಬರಲೊಲ್ಲದು. ಇಕ್ಕಳ ಹಾಕಿ ಜಗ್ಗಿದ. ಮೇಣದಲ್ಲಿ ಅದ್ದಿ, ಕಪ್ಪು ದಾರ ಸುತ್ತಿದ ಉದ್ದ ಕೂದಲಿನ ಉಂಡೆ ಕಳಚಿ ಕೈಗೆ ಬಂತು. ಸುಟ್ಟ ಚರ್ಮದಂಥ ನಾತ ಹೊಡೆಯಿತು.

"ಇದೇನಾ ನಿಮ್ಮ ಬಾಯಿಕಟ್ಟು!" ಎಂದು ನಕ್ಕು ಉಂಡೆಯನ್ನು ಮೂಲೆಗೆಸೆದ. ಪೈಪಿನ ಧೂಳು ಹೋಗಲೆಂದು ಬಾಯಿಟ್ಟು ಬಲವಾಗಿ ಊದಿದ. ಒಳಗಿನಿಂದ ಯಾರೋ ಆ ಉಸಿರನ್ನು ಮೆಲ್ಲಗೆ ಹೀರಿಕೊಂಡಂತಾಯಿತು.

ಕೀ ತಿರುಗಿಸಿದ ಮೊದಲ ಸುತ್ತಿಗೇ ಎಂಜಿನ್ ಸ್ಟಾರ್ಟ್ ಆಯಿತು.

ಗುಡುಗುಡು ಸದ್ದಿಗೆ ತಗಡು ಅದುರಿತು. ಅವನು ಗೆದ್ದವನಂತೆ ಸೀಟಿಗೊರಗಿದ. ಆಮೇಲೆ ಎದೆಯತ್ತ ಗಮನ ಹೋಯಿತು. ಎಂಜಿನ್ನಿನ ಸದ್ದು ಏರಿದಾಗ ಉಸಿರು ಏರುತ್ತಿತ್ತು. ಇಳಿದಾಗ ಇಳಿಯುತ್ತಿತ್ತು. ಉಸಿರು ಬಿಗಿಹಿಡಿದು ನೋಡಿದ. ಆಗಲಿಲ್ಲ. ಅದು ಅವನ ಮಾತು ಕೇಳುತ್ತಿರಲಿಲ್ಲ.

ಎಂಜಿನ್ ನಿಲ್ಲಿಸುವ ಗುಂಡಿಯನ್ನು ಹಿಡಿದೆಳೆದ. ಸದ್ದು ಕುಸಿಯಿತು. ಎದೆ ಮುಚ್ಚಿಕೊಂಡಿತು. ಕಣ್ಣು ಕತ್ತಲಿಟ್ಟಿತು. ಗುಂಡಿಯನ್ನು ಒಳಕ್ಕೆ ತಳ್ಳಿದ. ಸದ್ದು ಎದ್ದಿತು. ಗಾಳಿ ಬಂತು. ಗಾಳಿಯ ಜೊತೆ ಡೀಸೆಲ್ಲಿನ ರುಚಿ.

ಕೂಗಬೇಕೆಂದರೆ ದನಿಯಿಲ್ಲ. ಅಷ್ಟರಲ್ಲಿ ಟ್ಯಾಂಕಿನ ತಳದ ಡೀಸೆಲ್ ತೀರುತ್ತ ಬಂತು. ಎಂಜಿನ್ ಬಿಕ್ಕಿತು. ಅವನೂ ಬಿಕ್ಕಿದ. ಮತ್ತೆ ಬಿಕ್ಕಿತು. ಅವನು ಸೀಟಿನಿಂದ ಜಾರಿ ಮಣ್ಣಿಗೆ ಬಿದ್ದ.

ಅತ್ತೆ ಓಡಿ ಬಂದರು. ತೆರೆದ ಬಾನೆಟ್ಟು ನೋಡಿದರು, ಅವನ ನೀಲಿಗಟ್ಟಿದ ತುಟಿ ನೋಡಿದರು. ಬಾಗಿ, ಬುಸುಗುಡುತ್ತಿದ್ದ ಪೈಪಿಗೆ ಬಾಯಿಟ್ಟು ಎದೆಯಲ್ಲಿದ್ದ ಉಸಿರನ್ನೆಲ್ಲ ಊದಿದರು.

ಯಾರೋ ಎದೆಯ ಮೇಲಿನಿಂದ ಎದ್ದು ಹೋದಂತಾಯಿತು ಅವನಿಗೆ. ಉಸಿರು ಅವನದಾಯಿತು.

"ಅತ್ತೆ, ಏನ್ ಮಾಡಿದ್ರಿ! ತಡೀರಿ, ಡೀಸೆಲ್ ಹಾಕ್ತೀನಿ. ನಿಲ್ಲೋಕೆ ಬಿಡಲ್ಲ." ಕ್ಯಾನು ಎತ್ತಿ ಟ್ಯಾಂಕಿಗೆ ಸುರಿದ. ಅರ್ಧ ನೆಲಕ್ಕೆ ಚೆಲ್ಲಿತು. ಎಂಜಿನ್ ಸುಧಾರಿಸಿಕೊಂಡಿತು.

ಅತ್ತೆ ಏದುಸಿರು ಬಿಡುತ್ತ ಸೀಟು ಹತ್ತಿ ಕೂತಿದ್ದರು. "ಎಷ್ಟು ದಿನ ಸುರೀತೀರಿ? ಎಂಜಿನ್ ಕಾದು ಕಾದು ಇವತ್ತಲ್ಲ ನಾಳೆ ನಿಂತೇ ನಿಲ್ಲುತ್ತೆ. ಅಷ್ಟರಲ್ಲಿ ಮಗಳು ಬಂದು ಸಹಾಯಕ್ಕೆ ಅಂತ ಆ ಪೈಪಿನ ಹತ್ರ ಬಾಗಿದ್ರೆ?"

"ಬೇರೆ ದಾರಿ ಇರುತ್ತೆ. ಹುಡುಕ್ತೀನಿ, ನಾನು..."

"ನಿಂತ ತಕ್ಷಣ ಬಾಯಿ ಕಟ್ಟಿ. ನನ್ನ ಹತ್ರ ಆಮೇಲೆ ಬನ್ನಿ. ಹೃದಯ ನಿಂತೋಯ್ತು ಅಂತ ಹೇಳಿ ಅವಳಿಗೆ."

ಗೇಟಿನ ಕೊಂಡಿ ಸದ್ದಾಯಿತು. "ಅಮ್ಮಾ? ಜೀಪು ಸ್ಟಾರ್ಟ್ ಆಯ್ತಾ?" ಹೆಂಡತಿಯ ದನಿ, ನಗು ಬೆರೆತ ದನಿ, ಅಂಗಳ ದಾಟಿ ಬರತೊಡಗಿತು.

ಅತ್ತೆ ಆ ದನಿಯತ್ತ ಒಮ್ಮೆ ಕಿವಿಗೊಟ್ಟರು. ಗುಂಡಿ ಎಳೆದರು.

ಸದ್ದು ನಿಂತಿತು. ಅತ್ತೆಯ ತಲೆ ಸ್ಟಿಯರಿಂಗಿನ ಮೇಲೆ ವಾಲಿತು. ಅವನ ಕಾಲು ಅವರತ್ತಲೇ ಎಳೆಯಿತು. ಆದರೆ ನಿಂತ ಎಂಜಿನ್ನಿನ ಫ್ಯಾನು ತಾನಾಗಿ, ಬಲು ಮೆಲ್ಲಗೆ ಅರ್ಧ ಸುತ್ತು ತಿರುಗಿತು. ಪೈಪು ಗಾಳಿ ಹುಡುಕುತ್ತಿತ್ತು.

ಹೆಂಡತಿಯ ನೆರಳು ಬಾಗಿಲಿಗೆ ಬಿತ್ತು. ಉಸಿರು ಬಿಗಿಹಿಡಿದು, ಅತ್ತೆಗೆ ಬೆನ್ನು ಹಾಕಿ, ಅವನು ಮೂಲೆಯ ಕತ್ತಲಲ್ಲಿ ಆ ಕೂದಲಿನ ಉಂಡೆಗಾಗಿ ನೆಲ ತಡಕತೊಡಗಿದ.