ಗಡಿಕಲ್ಲಿಗೆ ಕಟ್ಟಿದ ನದಿ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ನಾಲ್ಕು ರಾಜ್ಯಗಳಿಗೆ ಒಂದೇ ನದಿಯಿತ್ತು. ಕಲ್ಲುನಾಡಿನ ಬಂಡೆಗಳ ಸಂದಿಯಲ್ಲಿ ಅದು ಹುಟ್ಟುತ್ತಿತ್ತು. ಎರೆನಾಡಿನ ಕಪ್ಪು ಹೊಲಗಳ ನಡುವೆ ಅಗಲವಾಗುತ್ತಿತ್ತು. ಬಿದಿರುನಾಡಿನ ಕಾಡು ಹೊಕ್ಕು, ಕೊನೆಗೆ ಉಪ್ಪುನಾಡಿನಲ್ಲಿ ಸಮುದ್ರ ಸೇರುತ್ತಿತ್ತು.

ಆ ಜನಕ್ಕೆ ನದಿಯೆಂದರೆ ಮನೆಮಗಳು. ಮಳೆಗಾಲ ಮುಗಿದಾಗ ಪ್ರತಿ ಗಡಿಯಲ್ಲೂ ಆ ನಾಡಿನ ರಾಜನೇ ನಿಂತು ಅಕ್ಕಿ, ಕೊಬ್ಬರಿ, ಹಸಿರು ಬಳೆ ನೀರಿಗೆ ಬಿಟ್ಟು ಅವಳ ಉಡಿ ತುಂಬುತ್ತಿದ್ದ. "ಹೋಗಿ ಬಾ ಮಗಳೇ" ಎನ್ನುತ್ತಿದ್ದ. ಕೆಳಗಿನ ನಾಡಿನವರು ಸೊಸೆ ಬಂದಳೆಂದು ಆರತಿ ಎತ್ತುತ್ತಿದ್ದರು.

ಎರೆನಾಡಿನ ರಾಜನಿಗೆ ಒಬ್ಬಳೇ ಮಗಳು. ಮದುವೆಯಾಗಿ ಹೋದವಳು ಗಂಡನ ಮನೆಯಲ್ಲೇ ತೀರಿಕೊಂಡಳು. ಆ ವರ್ಷ ನದಿಯ ಉಡಿ ತುಂಬುವಾಗ ರಾಜ ಹಸಿರು ಬಳೆಯನ್ನು ನೀರಿಗೆ ಬಿಡದೆ ಕೈಯಲ್ಲೇ ಹಿಡಿದುಕೊಂಡ. ಮಂತ್ರಿಪದವಿಗೆ ಕಾದಿದ್ದ ಜಡೆಮಾಯನೆಂಬ ಮಾಂತ್ರಿಕ ಅವನ ಕಿವಿಯಲ್ಲಿ ಹೇಳಿದ:

"ವರ್ಷವರ್ಷವೂ ಕಳಿಸುತ್ತೀರಿ, ಮಹಾಪ್ರಭು. ಒಂದು ಹಬ್ಬಕ್ಕಾದರೂ ಇವಳು ತವರಿಗೆ ಬಂದಳೇ?"

"ಬರಲಿಲ್ಲ," ಎಂದ ರಾಜ. "ಇವಳನ್ನು ಕಳಿಸಬೇಡ."

ಮಾಂತ್ರಿಕ ಜಡೆಯ ಕೂದಲು ಕಿತ್ತು, ಹಗ್ಗ ಹೊಸೆದು, ನದಿಯನ್ನು ಗಡಿಕಲ್ಲಿಗೆ ಕಟ್ಟಿದ. ನದಿ ಗೋಡೆಯಂತೆ ನಿಂತಿತು.

ಅತ್ತ ಉಪ್ಪುನಾಡಿನಲ್ಲಿ ಸಮುದ್ರವು ನದಿಯ ದಾರಿ ಹಿಡಿದು ಒಳಗೆ ಬಂತು. ಬಾವಿಗಳೆಲ್ಲ ಉಪ್ಪಾದವು. ಅಂಬಿಗ ಹೊನ್ನಿಗನ ಪುಟ್ಟ ಮಗಳು ಸೀಬಿ ಕುಡಿದದ್ದನ್ನೆಲ್ಲ ಕಕ್ಕಿ ಹಾಸಿಗೆ ಹಿಡಿದಳು.

ಉಳಿದಿದ್ದ ಸಿಹಿನೀರಿನಲ್ಲಿ ಅರ್ಧವನ್ನು ಹೆಂಡತಿ ಚೌಡಿ ಸೋರೆಬುರುಡೆಗೆ ತುಂಬಿ ಗಂಡನಿಗೆ ಕೊಟ್ಟಳು.

"ದೋಣಿ ಬಿಟ್ಟು ನಡೆದವನಲ್ಲ ನೀನು. ಈಗ ನಡಿ. ನದಿಯನ್ನು ಕರೆದುಕೊಂಡು ಬಾ. ಸೀಬಿ ಬಹಳ ಕಾಯಲಾರಳು."

ಹೊನ್ನಿಗ ಒಣಗಿದ ಹೊಳೆಯೊಳಗೇ ಮೇಲಕ್ಕೆ ನಡೆದ.

ಮೊದಲು ಮೊಸಳೆಯೊಂದು ಅಡ್ಡ ಮಲಗಿತ್ತು. "ನೀರು ಕೊಡು," ಎಂದಿತು. ಕೊಟ್ಟ.

"ನನಗೇನು ವರ ಕೊಡುತ್ತೀ?"

"ನಿನ್ನನ್ನು ತಿನ್ನಲಿಲ್ಲವಲ್ಲ, ಅದೇ ವರ. ಹೋಗು."

ಮುಂದೆ ಒಂದು ಮುದಿ ಆಮೆ. "ನೀರು ಕೊಡು, ಬೆನ್ನ ಮೇಲೆ ಹೊತ್ತು ಒಯ್ಯುತ್ತೇನೆ," ಎಂದಿತು. ಕೊಟ್ಟ. ಕುಡಿದ ಮೇಲೆ ಆಮೆ, "ಹೊಳೆ ತುಂಬಿದಾಗ ಬಾರಪ್ಪ. ಒಣ ಮರಳಲ್ಲಿ ನಿನಗಿಂತ ನಾನೇ ನಿಧಾನ," ಎಂದಿತು.

ಮೂರನೆಯದು ಮೀನು. ಅದು ಏನೂ ಕೇಳಲಿಲ್ಲ, ಬಾಯಿ ತೆರೆದು ಮುಚ್ಚಿತು. ಉಳಿದ ಗುಟುಕನ್ನು ಹೊನ್ನಿಗ ಅದರ ಬಾಯಿಗೆ ಬಿಟ್ಟ. ಆದರೂ ಅದು ಸತ್ತಿತು.

ಎರೆನಾಡಿನ ಗಡಿಯಲ್ಲಿ ನಿಂತ ನೀರಿನ ಎದುರು ರಾಜ ಕೂತಿದ್ದ.

"ನನ್ನ ಮಗಳು ಸಾಯುತ್ತಿದ್ದಾಳೆ, ಬುದ್ಧಿ. ನದಿಯನ್ನು ಬಿಡಿ."

"ನನ್ನ ಮಗಳು ಸತ್ತೇ ಹೋದಳು. ಇವಳನ್ನೂ ಕಳಿಸಲೇ?"

"ಇವಳು ಬದುಕಿದ್ದಾಳೆಯೇ? ಮೂಸಿ ನೋಡಿ."

ರಾಜ ಬಗ್ಗಿ ಮೂಸಿದ. ನೀರು ಕೊಳೆತು ನಾರುತ್ತಿತ್ತು. ಮಾಂತ್ರಿಕನ ಕಡೆ ತಿರುಗಿ, "ಬಿಚ್ಚು," ಎಂದ.

ಕೆಳಗೆ ಒಣಮರಳಲ್ಲಿ ನಿಂತಿದ್ದ ಜಡೆಮಾಯ ನಕ್ಕ. "ಈ ಹಗ್ಗದ ಕುಣಿಕೆ ಖಾಲಿ ಇರುವುದಿಲ್ಲ, ಪ್ರಭು. ನದಿಯ ಬದಲು ಯಾರಾದರೂ ಕೈ ಕೊಡಬೇಕು. ಕೊಟ್ಟವನಿಗೂ ನದಿಯ ನಿಯಮವೇ. ಮೇಲಿನ ನಾಡಿನ ಸುದ್ದಿ ಬರುತ್ತದೆ, ಕೆಳಗಿನದು ಎಂದೂ ಕಿವಿಗೂ ಕಣ್ಣಿಗೂ ಮುಟ್ಟುವುದಿಲ್ಲ. ಕೊಡುತ್ತೀರಾ?"

ರಾಜ ತನ್ನ ಕೈ ನೋಡಿಕೊಂಡ. ಅಷ್ಟರಲ್ಲಿ ಹೊನ್ನಿಗ ತನ್ನ ಕೈಯನ್ನು ಕುಣಿಕೆಯೊಳಗೆ ತೂರಿಸಿದ್ದ.

ನದಿ ಹೊರಟಿತು. ನಗುತ್ತಿದ್ದ ಮಾಂತ್ರಿಕನನ್ನು ಕೊಚ್ಚಿಕೊಂಡೇ ಹೋಯಿತು. ಗಂಟು ಬಿಚ್ಚಬಲ್ಲವನು ಅವನೊಬ್ಬನೇ ಆಗಿದ್ದ. ರಾಜ ಕತ್ತಿಯಿಂದ ಕಡಿದ, ಬೆಂಕಿ ತಾಗಿಸಿದ, ಹಲ್ಲಿನಿಂದ ಕಚ್ಚಿದ. ಗಂಟು ಬಿಚ್ಚಿಕೊಳ್ಳಲಿಲ್ಲ. ನಾಚಿಕೆಯಿಂದ ಅಲ್ಲೇ ಗುಡಿಸಲು ಹಾಕಿಕೊಂಡು, ಅಂಬಿಗನಿಗೆ ದಿನವೂ ತಾನೇ ಉಣ್ಣಿಸತೊಡಗಿದ.

ಬಿದಿರು ಚಿಗುರಿತು. ಬಾವಿಗಳು ಸಿಹಿಯಾದವು. ನಾಲ್ಕು ನಾಡುಗಳೂ ಸುಖವಾಗಿದ್ದವು.

ಒಂದು ಸಂಜೆ ಕೆಳಗಿನ ದಾರಿಯಿಂದ ಒಬ್ಬ ಹೆಂಗಸು ಬಂದಳು. ಹೊನ್ನಿಗನ ಕಣ್ಣಿಗೆ ಅವಳು ಮಂಜಿನಂತೆ ಮಾತ್ರ ಕಂಡಳು. ಸೊಂಟದ ಮೇಲಿದ್ದದ್ದು ಕೂಸೋ ಬುತ್ತಿಯ ಗಂಟೋ ತಿಳಿಯಲಿಲ್ಲ. ಅವಳು ಅವನ ಎದುರು ಕೂತು ಏನೋ ಹೇಳುತ್ತಿರುವಂತಿತ್ತು. ರಾಜ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ.

"ಚೌಡಿಯೇನು? ಏನಂತಾಳೆ, ಬುದ್ಧಿ?" ಹೊನ್ನಿಗ ಕೇಳಿದ. "ಮಗು ಹೇಗಿದೆಯಂತೆ?"

ರಾಜ ಹೇಳಿದ. ಮಾತು ಕೇಳದೆ, ಅವನ ತುಟಿಗಳು ಆಡುವುದನ್ನು ಹೊನ್ನಿಗ ನೋಡುತ್ತಲೇ ಇದ್ದ.