ಇಬ್ಬರ ನಡುವಿನ ಸಂದು

"ನಿಲ್ಲಿ. ಆ ಜಲ್ಲಿ ಮೇಲೆ ಕಾಲಿಡಬೇಡಿ."

ಆದರೆ ಅವನು ಆಗಲೇ ಇಟ್ಟಾಗಿತ್ತು. ಶನಿವಾರ ಬೆಳಗಿನಿಂದ ಬೆನ್ನು ಬಗ್ಗಿಸಿ ಸಿಸೆಲ್ ಎಳೆದಿದ್ದ ಗೆರೆಗಳ ಮೇಲೆ, ಗೇಟಿನಿಂದ ಚರ್ಚಿನ ಬಾಗಿಲವರೆಗೆ, ಒಂದು ಜೊತೆ ಬೂಟಿನ ಗುರುತು.

ಏರೊ ದ್ವೀಪದ ಆ ಚರ್ಚಿನ ಅಂಗಳವೇ ಅವಳ ಕೆಲಸ, ಅವಳ ಅನ್ನ. ಸಮಾಧಿಗಳ ಸುತ್ತ ಹುಲ್ಲು ಕತ್ತರಿಸುವುದು, ದಾರಿಯ ಜಲ್ಲಿಯನ್ನು ದಂತಾಳದಿಂದ ತಲೆ ಬಾಚಿದಂತೆ ಬಾಚುವುದು, ಹೊತ್ತು ಮುಳುಗುವಾಗ ಗಂಟೆ ಬಾರಿಸುವುದು. ಭಾನುವಾರ ದೇವರ ಮನೆಗೆ ಬರುವವರನ್ನು ಮೊದಲು ಎದುರುಗೊಳ್ಳುವುದು ಆ ಗೆರೆಗಳೇ.

ಬೂಟಿನವನು ತಲೆ ಎತ್ತಲಿಲ್ಲ. ಕಣ್ಣಿಗೆ ಒಂದು ಕಪ್ಪು ಕ್ಯಾಮೆರಾ ಒತ್ತಿಕೊಂಡಿದ್ದ. ಅದರ ಲೆನ್ಸ್ ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಝುಯ್… ಝುಯ್…

"ಕ್ಷಮಿಸಿ," ಎಂದ. "ಇದು ನಿಮ್ಮನ್ನ ಹುಡುಕ್ತಾ ಇದೆ. ಸಿಗ್ತಾ ಇಲ್ಲ."

ಮಂಜು ಕವಿದಿತ್ತು. ಹಿಂದೆ ಸುಣ್ಣದ ಗೋಡೆ, ಮುಂದೆ ಬೂದು ಕೋಟಿನ ಸಿಸೆಲ್. ಮೂವತ್ತು ವರ್ಷ ಹಳೆಯ ಯಂತ್ರವಿದು, ತಾನೇ ಫೋಕಸ್ ಹಿಡಿಯುತ್ತದೆ, ಆದರೆ ಹಿಡಿದುಕೊಳ್ಳಲು ಅದಕ್ಕೊಂದು ನೆಟ್ಟನೆ ಗೆರೆ ಬೇಕು, ಆ ದಂತಾಳವನ್ನು ಎದೆಯ ಮುಂದೆ ನೇರ ಹಿಡಿದು ನಿಲ್ಲುತ್ತೀರಾ ಎಂದು ಅವನು ಕೇಳಿದ.

"ನನ್ನ ಗೆರೆಗಳನ್ನೆಲ್ಲ ತುಳ್ಕೊಂಡು ಬಂದು, ಈಗ ಗೆರೆ ಬೇಕು ಅಂತೀರಲ್ಲ!"

ಅವನು ನಕ್ಕ. ಸಿಟ್ಟಿಗೇ ಅವಳು ದಂತಾಳವನ್ನು ಟಕ್ ಎಂದು ನೆಟ್ಟು ನಿಂತಳು. ಕ್ಯಾಮೆರಾ ಸಣ್ಣದಾಗಿ 'ಬೀಪ್' ಎಂದಿತು. ಕ್ಲಿಕ್. ಒಳಗೆ ರೀಲು ತಾನಾಗಿ ಸುತ್ತಿಕೊಂಡ ಸದ್ದು.

ಸಂಜೆಯ ಗಂಟೆ ಮುಗಿಸುವಾಗ ಮೂರು ಸಲ ಮೂರು ಪೆಟ್ಟು ಬಾರಿಸುವುದು ಅಲ್ಲಿಯ ವಾಡಿಕೆ. ತಂದೆಗೆ, ಮಗನಿಗೆ, ಪವಿತ್ರಾತ್ಮಕ್ಕೆ. ಆ ಸಂಜೆ ಸಿಸೆಲ್ ಹತ್ತು ಬಾರಿಸಿದಳು.

'ಹತ್ತನೆಯದು ಯಾರಿಗೆ?' ಎಂದು ಊರವರು ಬಹಳ ದಿನ ಅವಳನ್ನು ಕಾಡಿದರು. ಅವಳಿಗೆ ಗೊತ್ತಿತ್ತು… ಹೇಳಲಿಲ್ಲ.

*

ಅವನ ಹೆಸರು ಆಸ್ಗರ್. ಮದುವೆಯಾಗಲೆಂದು ದೇಶ ದೇಶಗಳಿಂದ ಜೋಡಿಗಳು ಆ ದ್ವೀಪಕ್ಕೆ ಬರುತ್ತವೆ. ಅವರ ಕಾಗದಪತ್ರ, ಹೂವು, ಊಟ ನೋಡಿಕೊಳ್ಳುವವಳು ವಿಬೆಕೆ. ಚಿತ್ರ ತೆಗೆಯುವವನು ಆಸ್ಗರ್. ಫೋನಿನಲ್ಲಿ ಸಾವಿರ ಚಿತ್ರ ತುಂಬಿಕೊಂಡ ಹುಡುಗ ಹುಡುಗಿಯರಿಗೆ ಈಗ ರೀಲಿನ ಚಿತ್ರವೇ ಬೇಕು. ತೆಗೆದ ಕೂಡಲೇ ನೋಡಲಾಗದ ಚಿತ್ರ. ಕಾಯಬೇಕಾದ ಚಿತ್ರ.

ಅವನ ಬಳಿ ಮೂರು ಲೆನ್ಸುಗಳಿದ್ದವು. ಅಗಲದ್ದು ಮನೆಗೆ, ಮಧ್ಯಮದ್ದು ಜೋಡಿಗೆ, ಉದ್ದನೆಯದು ಒಂಟಿ ಮುಖಕ್ಕೆ. ಒಂದನ್ನು ತಿರುಗಿಸಿ ಬಿಚ್ಚಿ ಇನ್ನೊಂದನ್ನು ಕೂರಿಸುವಾಗ ಅವನ ಬೆರಳುಗಳಿಗೆ ಬೆಣ್ಣೆ ಮುಟ್ಟುವಷ್ಟು ನಯ.

ಸಿಸೆಲ್‌ಳ ತಾಯಿ ಬೋಡಿಲ್ ಅದನ್ನು ನೋಡಿ, ಮನುಷ್ಯರ ಕಾಲಿಗೆ ಹೆಣೆದದ್ದು ಸಾಕು, ನಿನ್ನ ಈ ಕುಳ್ಳ ಮಕ್ಕಳಿಗೂ ಹೆಣೆದುಕೊಡ್ತೀನಿ ಎಂದು ಮೂರು ಲೆನ್ಸಿಗೂ ಉಣ್ಣೆಯ ಕಾಲುಚೀಲ ಹೆಣೆದಳು. ಮಧ್ಯಮದ್ದಕ್ಕೆ ಬೂದು ಬಣ್ಣ.

ಆದರೆ ಆ ಮುದುಕಿ ತನ್ನ ಚಿತ್ರ ಮಾತ್ರ ತೆಗೆಯಗೊಡಳು. ಕೇಳಿದಾಗಲೆಲ್ಲ ಮುಖದ ಮುಂದೆ ಹೆಣಿಗೆ ಹಿಡಿಯುತ್ತಿದ್ದಳು. ದೇವರು ನನ್ನ ಮುಖ ನೋಡಿದ್ದಾನೆ, ಅಷ್ಟು ಸಾಕು ಎನ್ನುತ್ತಿದ್ದಳು.

ಆಸ್ಗರ್ ಸಿಸೆಲ್‌ಳ ಜೊತೆಗಾರನಾಗಿ ಆ ಮನೆಯವನೇ ಆದ. ಒಂದು ಚಳಿಗಾಲ ಸುಖವಾಗಿ ಕಳೆಯಿತು. ವಸಂತದಲ್ಲಿ ಬೋಡಿಲ್‌ಗೆ ಕಾಯಿಲೆ ಬಂತು. ಆಸ್ಪತ್ರೆ ನೀರಿನಾಚೆ. ವಾರಕ್ಕೊಮ್ಮೆ ದೋಣಿ ಹತ್ತಿ ಹೋಗಿ ಬರಬೇಕು.

ಪೆಂಟೆಕೋಸ್ಟ್ ಹಬ್ಬದ ಹಿಂದಿನ ವಾರ ಅವಳು ಹೋಗಲಿಲ್ಲ. ಹಬ್ಬದ ಬೆಳಿಗ್ಗೆ ಅದು ತಿಳಿದ ಸಿಸೆಲ್ ಕೇಳಿದಾಗ, ದೋಣಿ ತಪ್ಪಿತು ಎಂದಳು. ಸಿಸೆಲ್ ಸಿಡಿದಳು. ದೋಣಿ ತಪ್ಪಲಿಲ್ಲ, ನೀನೇ ತಪ್ಪಿಸಿಕೊಂಡೆ, ನಿನ್ನ ಸೋಮಾರಿತನಕ್ಕೆ ನಾನು ಎಷ್ಟು ಓಡಲಿ ಎಂದಳು. ತಾಯಿ ಹೆಣಿಗೆ ಎತ್ತಿಕೊಂಡಳು. ಕಾಫಿ ಹಾಗೇ ತಣ್ಣಗಾಯಿತು.

ಆ ಮಧ್ಯಾಹ್ನವೇ ಬೋಡಿಲ್ ತಾನಾಗಿ ಆಸ್ಗರನನ್ನು ಕರೆದಳು.

"ನನ್ನದೂ ನನ್ನ ಮಗಳದೂ ಒಂದು ತೆಗಿ. ಒಂದೇ. ಎರಡನೇದು ಕೇಳಿದ್ರೆ ಎದ್ದು ಹೋಗ್ತೀನಿ."

ಚರ್ಚಿನ ಅಂಗಳದ ಬೆಂಚಿನ ಮೇಲೆ ತಾಯಿ ಮಗಳು ಕೂತರು. ಬೆಳಗಿನ ಮುನಿಸು ಇನ್ನೂ ಇತ್ತು. ಇಬ್ಬರ ನಡುವೆ ಒಂದು ದಿಂಬಿನಷ್ಟು ಜಾಗ. ಲೆನ್ಸ್ ಝುಯ್ ಎಂದಿತು. ಬೀಪ್. ಕ್ಲಿಕ್.

ಹತ್ತು ದಿನ ಕಳೆಯಿತೋ ಇಲ್ಲವೋ, ಬೋಡಿಲ್ ನಿದ್ದೆಯಲ್ಲೇ ಹೋಗಿಬಿಟ್ಟಳು. ವೈದ್ಯರಿಗೂ ಅಷ್ಟು ಬೇಗ ಎಂದು ತಿಳಿದಿರಲಿಲ್ಲ. ಸಿಸೆಲ್ ತಾನೇ ಗಂಟೆ ಬಾರಿಸಿದಳು. ತಾನೇ ಜಲ್ಲಿ ಬಾಚಿದಳು.

ಮಣ್ಣು ಮುಚ್ಚಿದ ಮರುವಾರ ರೀಲು ತೊಳೆದು ಬಂತು.

ಚಿತ್ರದಲ್ಲಿ ತಾಯಿ ಇರಲಿಲ್ಲ. ಮಗಳೂ ಇರಲಿಲ್ಲ. ಹಬೆಯಂಥ ಎರಡು ಆಕಾರ, ಅಷ್ಟೇ. ಆ ಎರಡು ಹಬೆಗಳ ನಡುವೆ, ದೂರದ ಗೇಟಿನ ಬಳಿ, ಆಸ್ಗರನನ್ನು ಕರೆಯಲು ಬಂದು ನಿಂತಿದ್ದ ವಿಬೆಕೆ. ಕೆಂಪು ಕೋಟು. ಕೋಟಿನ ಗುಂಡಿ ಎಣಿಸಬಹುದು, ಅಷ್ಟು ಸ್ಪಷ್ಟ.

ವಿಬೆಕೆಗೆ ಗಂಡನಿದ್ದ, ಮಕ್ಕಳಿದ್ದರು. ಸಿಸೆಲ್‌ಗೆ ಅದೇನು ಗೊತ್ತಿಲ್ಲದ್ದಲ್ಲ. ಆದರೆ ದುಃಖದ ಮುಂದೆ ಯಾವ ಲೆಕ್ಕ ನಿಂತೀತು?

"ನಿನ್ನ ಕಣ್ಣು ಯಾರ ಮೇಲಿತ್ತೋ ಅವಳೇ ಬಂದಿದ್ದಾಳೆ," ಎಂದಳು. "ನನ್ನಮ್ಮ ಹುಟ್ಟಿದ್ಮೇಲೆ ಒಂದೇ ಒಂದು ಸಲ ಮುಖ ಕೊಟ್ಟಳು, ಆಸ್ಗರ್. ನಿನಗೆ ಕೊಟ್ಟಳು."

'ಇಲ್ಲ ಅನ್ನು… ಒಂದು ಸಲ ಇಲ್ಲ ಅಂದುಬಿಡು…' ಎಂದು ಅವಳ ಒಳಗೆ ಯಾರೋ ಬೇಡುತ್ತಿದ್ದರು.

ಅವನು ಚಿತ್ರವನ್ನು ನೋಡಿದ. ಅವಳನ್ನು ನೋಡಿದ.

"ತಪ್ಪು ನನ್ನದೇ," ಎಂದ. ಅಷ್ಟೇ ಎಂದ.

ಸಂಜೆಯ ದೋಣಿಗೆ ಹೊರಟುಹೋದ.

*

ಎರಡು ವಸಂತ ದಾಟಿದವು. ಸಿಸೆಲ್ ಯಾರೊಡನೆಯೂ ಹೆಚ್ಚು ಮಾತಿಲ್ಲದವಳಾದಳು. ಗೆರೆಗಳು ಮೊದಲಿಗಿಂತ ನೇರವಾದವು. ಗಂಟೆ ಒಮ್ಮೆಯೂ ತಪ್ಪಲಿಲ್ಲ.

ಚರ್ಚಿನ ಹರಾಜಿಗೆ ಕೊಡೋಣವೆಂದು ಅವಳು ಒಂದು ದಿನ ತಾಯಿಯ ಉಣ್ಣೆ ಬುಟ್ಟಿ ಬಿಚ್ಚಿದಳು. ಉಂಡೆಗಳ ಅಡಿಯಲ್ಲಿ ಆಸ್ಗರನ ಇನ್ನೊಂದು ಕ್ಯಾಮೆರಾ. ಪಕ್ಕದಲ್ಲಿ ಬೂದು ಕಾಲುಚೀಲ, ಅದರೊಳಗೆ ಮಧ್ಯಮದ ಲೆನ್ಸ್. ಕಾಲುಚೀಲ ಹರಿದಿದೆಯೆಂದು ಹೊಲಿಯಲು ಕ್ಯಾಮೆರಾ ಸಮೇತ ಇಸಿದುಕೊಂಡಿದ್ದಳೇನೋ ಮುದುಕಿ… ಅರ್ಧ ಹೊಲಿದ ಸೂಜಿ ಇನ್ನೂ ಅದರಲ್ಲೇ ಇತ್ತು.

ಬಿಸಾಡಬೇಕು ಎನಿಸಿತು. ಬಿಸಾಡಲಿಲ್ಲ. ಇದೇನು ಬ್ರಹ್ಮವಿದ್ಯೆಯೇ, ಯಾರು ಒತ್ತಿದರೂ ಬರುವಂಥದ್ದನ್ನು ಅವನು ಕೆಡಿಸಿದ ಎಂದು ತನಗೆ ತಾನೇ ತೋರಿಸಿಕೊಳ್ಳುವ ಹಟ ಹುಟ್ಟಿತು. ಊರಿನ ಅಂಗಡಿಯಲ್ಲಿ ಸಿಗದ ಹಳೆಯ ಬಗೆಯ ಬ್ಯಾಟರಿಯನ್ನು ಹೊರಗಿನಿಂದ ತರಿಸಿದಳು. ರೀಲು ಹಾಕಿದಳು.

ಸಮಾಧಿ ತೋಡುವ ಕ್ನುಡ್ ಮತ್ತು ಅವನ ಹೆಂಡತಿ ಎಲ್ನಾ ಮದುವೆಯಾಗಿ ಐವತ್ತು ವರ್ಷ ತುಂಬಿತ್ತು. ಇಬ್ಬರನ್ನೂ ಸ್ಮಶಾನದ ಗೋಡೆಯ ಮುಂದೆ ನಿಲ್ಲಿಸಿ ಒಂದು ತೆಗೆದಳು. ಬೀಪ್ ಎಂದಿತು. ಒತ್ತಿದಳು.

ಚಿತ್ರ ಬಂದ ದಿನ ಕ್ನುಡ್ ಅದನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. ಮುದುಕ ಮುದುಕಿ ಇಬ್ಬರೂ ಹಬೆ. ನಡುವೆ, ಹಿಂದಿನ ಗೋಡೆಗೆ ತೂಗುಹಾಕಿದ್ದ ನೀರುಣಿಸುವ ಹಸಿರು ಕ್ಯಾನು, ಅದರ ಮೂತಿಯ ತೂತುಗಳ ಸಮೇತ ಸ್ಪಷ್ಟ.

"ಏನಮ್ಮ ಸಿಸೆಲ್," ಎಂದ. "ನಮ್ಮಿಬ್ಬರಿಗಿಂತ ಆ ಕ್ಯಾನಿನ ಮೇಲೇ ನಿನಗೆ ಪ್ರೀತಿ ಜಾಸ್ತಿನಾ?"

ಎಲ್ನಾ ನಕ್ಕಳು. ಸಿಸೆಲ್ ನಗಲಿಲ್ಲ. ಚಿತ್ರವನ್ನು ಅವನ ಕೈಯಿಂದ ಇಸಿದುಕೊಂಡಳು.

ಅವರು ಹೋದ ಮೇಲೆ ಕ್ಯಾಮೆರಾ ತಂದು ಎರಡು ಸಮಾಧಿ ಕಲ್ಲುಗಳ ಮುಂದೆ ಮಂಡಿಯೂರಿದಳು. ಗಂಡನದೊಂದು, ಹೆಂಡತಿಯದೊಂದು. ಕಣ್ಣಿಟ್ಟು ನೋಡಿದರೆ, ಒಳಗೆ ನಟ್ಟನಡುವೆ ಒಂದು ಪುಟ್ಟ ಚೌಕ. ಯಂತ್ರ ನೋಡುವುದು ಆ ಚೌಕದೊಳಗಿನದನ್ನು ಮಾತ್ರ. ಅದು ಎರಡು ಕಲ್ಲುಗಳ ಸಂದಿನಲ್ಲಿ ನಿಂತಿತ್ತು. ಗುಂಡಿ ಅರ್ಧ ಒತ್ತಿದಳು. ಝುಯ್… ಕಲ್ಲುಗಳು ಕರಗಿದವು. ಹಿಂದಿನ ಗೋಡೆ ಎದ್ದು ಬಂತು. ಬೀಪ್.

ಚೌಕವನ್ನು ಒಂದು ಕಲ್ಲಿನ ಮೇಲಿಟ್ಟು ಅರ್ಧ ಒತ್ತಿ ಹಿಡಿದು, ಹಾಗೇ ನಡುವಿಗೆ ತಂದಳು. ಎರಡು ಕಲ್ಲೂ ಸ್ಪಷ್ಟ.

'ಮೊದಲು ಒಬ್ಬರ ಮುಖದ ಮೇಲೆ ಅರ್ಧ ಒತ್ತಿ ಹಿಡ್ಕೋಬೇಕು, ಆಮೇಲೆ ಇಬ್ಬರನ್ನೂ ಸೇರಿಸ್ಕೋಬೇಕು…' ಜೋಡಿಗಳ ಅಣ್ಣತಮ್ಮಂದಿರಿಗೆ, ಚಿಕ್ಕಮ್ಮಂದಿರಿಗೆ ಆಸ್ಗರ್ ಹೇಳಿಕೊಡುತ್ತಿದ್ದದ್ದು ಇದನ್ನೇ. ಅವಳೇ ಎಷ್ಟು ಸಲ ಕೇಳಿಸಿಕೊಂಡಿದ್ದಳು!

'ನನಗೆ ಗೊತ್ತಿರಲಿಲ್ಲ, ತಪ್ಪಿದೆ. ಅವನಿಗೆ ಗೊತ್ತಿತ್ತಲ್ಲ… ಅವನು ಹೇಗೆ ತಪ್ಪಿದ?'

ಆಸ್ಗರ್ ಎಲ್ಲಿದ್ದಾನೆ ಎಂದು ಅವಳು ಕ್ನುಡ್‌ನನ್ನು ಕೇಳಿದಾಗ ಅವನು ಸಲಿಕೆ ನೆಟ್ಟು ನಿಂತ. ಸ್ವೆನ್‌ಬೋರ್ ಬಂದರಿನ ಬಳಿ ಅಂಗಡಿ ಇಟ್ಟಿದ್ದಾನೆ, ಆದರೆ ಜೋಡಿಗಳನ್ನು ತೆಗೆಯುವುದಿಲ್ಲವಂತೆ, ಎಷ್ಟು ಕೊಟ್ಟರೂ ಒಬ್ಬೊಬ್ಬರನ್ನೇ ತೆಗೆಯುತ್ತಾನಂತೆ ಎಂದ.

*

ಅಂಗಡಿಯ ಬಾಗಿಲಲ್ಲಿ ಅವಳನ್ನು ಕಂಡು ಆಸ್ಗರ್ ಎದ್ದು ನಿಂತ. ಕೂದಲು ತೆಳುವಾಗಿತ್ತು. ಅವಳು ಮೇಜಿನ ಮೇಲೆ ಬೂದು ಕಾಲುಚೀಲ ಇಟ್ಟಳು, ಹಸಿರು ಕ್ಯಾನಿನ ಚಿತ್ರ ಇಟ್ಟಳು. ಅವನು ಅದನ್ನು ನೋಡಿದ ತಕ್ಷಣ ಅರ್ಥ ಮಾಡಿಕೊಂಡ.

"ಬಂದರಿಗೆ ನಡಿ," ಎಂದು ಅವಳು ಕಾಲುಚೀಲವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. "ಇಲ್ಲಿ ಮಾತಾಡೋಕಾಗಲ್ಲ."

ದೋಣಿ ಕಟ್ಟೆಯ ಬೆಂಚಿನ ಮೇಲೆ ಕೂತರು. ನಡುವೆ ಅವಳ ಚೀಲ.

"ನಾನು ಹೊಸಬಳು, ಎಡವಿದೆ. ನೀನು ನಿದ್ದೆಯಲ್ಲೂ ಎಡವೋನಲ್ಲ. ಯಾಕೆ ಆಯ್ತು?"

ಅವನು ಹೇಳಿದ.

ಹಬ್ಬದ ಮಧ್ಯಾಹ್ನ ಕರೆದಾಗ ಬೋಡಿಲ್ ಅವನಿಗೆ ಹೇಳಿದ್ದಳು, ದೋಣಿ ತಪ್ಪಲಿಲ್ಲ, ಚಿಕಿತ್ಸೆಯೇ ಸಾಕೆಂದು ಬಿಟ್ಟಿದ್ದೇನೆ ಎಂದು. ಹಬ್ಬ ಕಳೆಯಲಿ, ಸಿಸೆಲ್‌ಗೆ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಬಾಯಿ ಬಿಡಬೇಡ ಎಂದು ಅವನ ಕೈ ಹಿಡಿದು ಮಾತು ಪಡೆದಿದ್ದಳು. ಅದು ಕೊನೆಯ ಚಿತ್ರವೆಂದು ಬೆಂಚಿನ ಮೇಲಿದ್ದ ಮಗಳಿಗೆ ಗೊತ್ತಿರಲಿಲ್ಲ. ಕ್ಯಾಮೆರಾ ಹಿಡಿದವನಿಗೆ ಗೊತ್ತಿತ್ತು.

"ಕಣ್ತುಂಬ ನೀರು, ಸಿಸೆಲ್. ಚೌಕ ಎಲ್ಲಿದೆ ಕಾಣಲೇ ಇಲ್ಲ. ಬೀಪ್ ಅಂತು… ನಂಬಿ ಒತ್ತಿಬಿಟ್ಟೆ."

ಕಡಲಹಕ್ಕಿಗಳು ಕೂಗುತ್ತಿದ್ದವು. ಅವಳ ಮುಖ ಕಲ್ಲಾಯಿತು.

"ನಿನಗೆ ಹೇಳಿದಳು. ನನಗೆ ಹೇಳಲಿಲ್ಲ."

"ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ತಳ್ಳಿದಳು. ಆಮೇಲೆ ಅವಳಿಗೆ ದಿನ ಸಿಗಲಿಲ್ಲ."

"ನಿನಗೆ ಎರಡು ವರ್ಷ ಸಿಕ್ಕಿತ್ತಲ್ಲ."

"ಅಮ್ಮ ನಿನ್ನಿಂದ ಮುಚ್ಚಿಟ್ಟಳು ಅಂತ ಹೇಳಿ, ಸತ್ತೋಳ ಮೇಲೆ ನಿನಗೆ ಸಿಟ್ಟು ಬರಿಸೋದಕ್ಕಿಂತ… ನನ್ನ ಮೇಲೇ ಇರಲಿ ಅಂದ್ಕೊಂಡೆ."

"ಅದನ್ನ ತೀರ್ಮಾನ ಮಾಡೋಕೆ ನೀನ್ಯಾರು?"

ಅವನು ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತ. ಕ್ಷಮಿಸು ಎಂದೂ ಕೇಳಲಿಲ್ಲ.

ಅವಳು ಅತ್ತಳು. ತಾಯಿಗೆ ಬೈದಳು, ಅವನಿಗೆ ಬೈದಳು, ದೋಣಿಗೆ ಬೈದಳು. ಬೈಗುಳವೆಲ್ಲ ಮುಗಿದ ಮೇಲೆ ಕೊನೆಗೆ ಉಳಿದದ್ದು ಒಂದೇ ಮಾತು. ಅದನ್ನು ಅವಳು ಬಹಳ ಮೆಲ್ಲಗೆ ಆಡಿದಳು.

"ಸೋಮಾರಿ ಅಂದುಬಿಟ್ಟೆ ಅವಳನ್ನ, ಆ ಬೆಳಿಗ್ಗೆ. ಮುನಿಸ್ಕೊಂಡು ದೂರ ಕೂತೆ. ಒತ್ತಿಕೊಂಡು ಕೂತಿದ್ದಿದ್ರೆ ನಡುವೆ ಸಂದೇ ಇರ್ತಿರಲಿಲ್ಲ, ಆಸ್ಗರ್. ನೀನು ಕಣ್ಣು ಮುಚ್ಚಿ ಒತ್ತಿದ್ರೂ ನಾವೇ ಬರ್ತಿದ್ವಿ."

ಇಲ್ಲ ಎಂದು ಅವನು ಹೇಳಬಹುದಿತ್ತು. ಆದರೆ ಅದು ನಿಜವಾಗಿತ್ತು. ಅವನು ಅವಳ ಚೀಲವನ್ನು ಎತ್ತಿ ನೆಲಕ್ಕಿಟ್ಟ, ಅಷ್ಟೇ.

ದೇವರು ಕೆಲವು ಮುಖಗಳನ್ನು ತನಗೇ ಇಟ್ಟುಕೊಳ್ಳುತ್ತಾನೆ. ಬೋಡಿಲ್‌ಳ ಮುಖ ಇನ್ನು ಯಾವ ಕಾಗದದ ಮೇಲೂ ಬರುವುದಿಲ್ಲ. ಇಬ್ಬರೂ ಅದನ್ನು ಒಪ್ಪಿಕೊಂಡರು.

ದೋಣಿ ಬಂದು ಕಟ್ಟೆಗೆ ತಾಗಿತು. ಹಗ್ಗ ಕಟ್ಟುತ್ತಿದ್ದ ಕಿತ್ತಳೆ ಅಂಗಿಯ ಹೆಂಗಸನ್ನು ಸಿಸೆಲ್ ಕೂಗಿ ಕರೆದಳು. ಹೊಸ ರೀಲು ಹಾಕಿ ತಂದಿದ್ದ ಕ್ಯಾಮೆರಾವನ್ನು ಚೀಲದಿಂದ ತೆಗೆದು, ಬೂದು ಕಾಲುಚೀಲದ ಲೆನ್ಸ್ ಕೂರಿಸಿ ಅವಳ ಕೈಗಿತ್ತಳು.

"ಅಯ್ಯೋ, ಈ ಮುದುಕಪ್ಪ ಕ್ಯಾಮೆರಾನ ಎಲ್ಲಿ ಒತ್ತಬೇಕು?" ಎಂದಳು ಆ ಹೆಂಗಸು.

ಆಸ್ಗರ್ ಎದ್ದ. ಮೊದಲು ಒಬ್ಬರ ಮುಖದ ಮೇಲೆ ಅರ್ಧ… ಎಂದು ಶುರುಮಾಡಿದ. ಸಿಸೆಲ್ ಅವನ ತೋಳು ಹಿಡಿದು ಕೂರಿಸಿದಳು.

"ಏನೂ ಹೇಳ್ಕೊಡಬೇಡ. ಸುಮ್ನೆ ಒತ್ತಮ್ಮ," ಎಂದಳು.

ಅವಳು ಅವನ ಕಡೆಗೆ ಸರಿದಳು. ಭುಜಕ್ಕೆ ಭುಜ ತಾಗಿತು. ಇನ್ನೂ ಸರಿದಳು. ಗಾಳಿ ನುಗ್ಗುವಷ್ಟೂ ಜಾಗ ಉಳಿಯಲಿಲ್ಲ.

ಝುಯ್. ಬೀಪ್. ಕ್ಲಿಕ್.

"ಈ ಬೀಪ್ ನಿಜ ಹೇಳ್ತಾ, ಈ ಸಲ?" ಎಂದು ಅವಳು ಕೇಳಿದಳು.

"ಗೊತ್ತಿಲ್ಲ. ರೀಲು ಮುಗೀಬೇಕು."

"ಇನ್ನೂ ಎಷ್ಟಿದೆ?"

"ತುಂಬ ಇದೆ."

"ಹಾಗಾದ್ರೆ ದೋಣಿ ಹತ್ತು," ಎಂದಳು ಸಿಸೆಲ್. "ಸಂಜೆ ಗಂಟೆ ಬಾರಿಸಬೇಕು ನಾನು. ಎಣಿಸೋಕೆ ಒಬ್ಬರು ಬೇಕು."